ಹದಿನೇಳನೇ ಹೋಲಿನ ನೀರು

ಪರದೆ ಮುಂದೆ ನಿಂತು ಗಾಲ್ಫ್ ಆಡುವ ಸಿಮ್ಯುಲೇಟರ್ ಬಗ್ಗೆ ಕಳೆದ ಸಲ ನಾಲ್ಕು ಸಾಲು ಬರೆದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಕೋರ್ಸ್ (ಗಾಲ್ಫ್ ಮೈದಾನ) ಬಗ್ಗೆ, ಅದರಲ್ಲೂ ಒಂದೇ ಹೋಲ್, ಅಂದರೆ ಚೆಂಡನ್ನು ಒಂದು ಗುಳಿಗೆ ಸೇರಿಸುವ ಆಟದ ಒಂದು ಹಂತದ ಬಗ್ಗೆ. ಸರಿ, ಈ ಸಲ ಅದೇ ಇರಲಿ.

ಪ್ರಶ್ನೆ: ಮೈದಾನದಲ್ಲಿ ನನ್ನ ಒಂಬತ್ತನೇ ಐರನ್ (ಲೋಹದ ತಲೆಯ ಕ್ಲಬ್) ಕಣ್ಣು ಮುಚ್ಚಿ ಹೊಡೆದರೂ 140 ಯಾರ್ಡ್ ಹೋಗುತ್ತದೆ. ಮೊನ್ನೆ ಸಿಮ್ಯುಲೇಟರ್‌ನಲ್ಲಿ ಫ್ಲಾರಿಡಾದ ಟಿಪಿಸಿ ಸಾಗ್ರಾಸ್ ಹಾಕಿಸಿಕೊಂಡು ಆಡಿದೆ. ನೀರಿನ ನಡುವೆ ಗ್ರೀನ್ (ಗುಳಿ ಇರುವ ನುಣ್ಣನೆ ಹುಲ್ಲಿನ ಜಾಗ) ಇರುವ 17ನೇ ಹೋಲ್ ಇದೆಯಲ್ಲ, ಬರೀ 137 ಯಾರ್ಡ್. ನಾಲ್ಕು ಚೆಂಡು ಹೊಡೆದೆ, ನಾಲ್ಕೂ ನೀರಿಗೆ. ಮೆಷಿನ್ ಸರಿ ಇಲ್ಲ ಅಂತ ಜಗಳ ಆಡಿ ಬಂದೆ. ತಪ್ಪು ಯಾರದು? (ಬೆಂಗಳೂರು)

ಜಗಳ ಆಡಿದ್ದು ತಪ್ಪು, ಮೊದಲು ಅದನ್ನು ಹೇಳಿಬಿಡುತ್ತೇನೆ. ನಿಮ್ಮ 140 ಎಲ್ಲಿಂದ ಬಂತು ನೋಡೋಣ. ನಮ್ಮ ಒಣಗಿದ ನೆಲದ ಮೇಲೆ ಚೆಂಡು ಬಿದ್ದ ಮೇಲೂ ನಾಲ್ಕೈದು ಯಾರ್ಡ್ ಉರುಳುತ್ತದೆ. ನೀವು ಅದನ್ನೂ ಸೇರಿಸಿ ಎಣಿಸಿದ್ದೀರಿ, ಎಲ್ಲರೂ ಹಾಗೇ ಎಣಿಸುವುದು. ಗಾಳಿಯಲ್ಲಿ ಹಾರಿದ್ದು 135 ಇರಬಹುದು. ನೀರಿನ ಮೇಲೆ ಚೆಂಡು ಉರುಳುವುದಿಲ್ಲ, ಅಲ್ವಾ?

ಎರಡನೆಯದು, ಇದು ಬೆಂಗಳೂರಿನವರಿಗೇ ಕಾದಿರುವ ಗುಂಡಿ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿ ತೆಳು, ಚೆಂಡಿಗೆ ಅಡ್ಡಿ ಕಡಿಮೆ, ಹಾಗಾಗಿ ನೂರಕ್ಕೆ ನಾಲ್ಕೈದು ಯಾರ್ಡ್ ಪುಕ್ಕಟೆ ಸಿಗುತ್ತದೆ. ಸಾಗ್ರಾಸ್ ಇರುವುದು ಸಮುದ್ರದ ಪಕ್ಕದಲ್ಲಿ. ಸಿಮ್ಯುಲೇಟರ್ ನಿಮ್ಮ ಚೆಂಡಿನ ವೇಗ, ಅದು ಎದ್ದ ಕೋನ, ಅದರ ತಿರುಗು ಇಷ್ಟನ್ನು ಅಳೆದುಕೊಂಡು, ಮುಂದಿನ ದಾರಿಯನ್ನು ಸಾಮಾನ್ಯವಾಗಿ ಆ ಊರಿನ ಗಾಳಿಯಲ್ಲಿ ಲೆಕ್ಕ ಹಾಕುತ್ತದೆ. ನೀವು ನಿಂತಿರುವುದು ಬೆಂಗಳೂರಿನಲ್ಲಾದರೂ ಚೆಂಡು ಹಾರುವುದು ಫ್ಲಾರಿಡಾದಲ್ಲಿ. ಆರು ಯಾರ್ಡ್ ಹೋಯಿತು. 129.

ಆ ಗ್ರೀನ್ ಉದ್ದ ಸುಮಾರು 26 ಯಾರ್ಡ್. ಬಾವುಟ ನಡುವಿನಲ್ಲಿದ್ದು 137 ಅಂದರೆ ಮುಂದಿನ ಅಂಚು 124ರ ಹತ್ತಿರ. ಹಾಗಾಗಿ 129 ಹೊಡೆದರೂ ಬದುಕಿಕೊಳ್ಳುತ್ತಿದ್ದಿರಿ. ಆದರೆ ಪರದೆಯ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಇರುತ್ತದೆ, ನೋಡಿದಿರಾ? ಗಾಳಿಯ ಗುರುತು. ಎದುರುಗಾಳಿ ಗಂಟೆಗೆ ಒಂದು ಮೈಲಿಗೆ ಒಂದು ಪರ್ಸೆಂಟ್ ತಿನ್ನುತ್ತದೆ ಅನ್ನುವುದು ಗಾಲ್ಫರ್‌ಗಳ ಅಂದಾಜು ಲೆಕ್ಕ. ಹತ್ತು ಮೈಲಿ ಗಾಳಿ ಇಟ್ಟಿದ್ದರೆ 129ರಲ್ಲಿ ಇನ್ನೂ 13 ಹೋಯಿತು. ಉಳಿದದ್ದು 116. ಬುಳಕ್.

ಮುಂದಿನ ಸಲ ಎಂಟನೇ ಐರನ್ ತಗೊಳ್ಳಿ, ಸಂಖ್ಯೆ ಇಳಿದಷ್ಟೂ ಚೆಂಡು ದೂರ ಹೋಗುತ್ತದೆ. ಗಾಳಿ ಇದ್ದರೆ ಏಳನೆಯದು. ಬಾವುಟ ಬಲಕ್ಕಿದ್ದರೂ ಎಡಕ್ಕಿದ್ದರೂ ಅದರ ಕಡೆ ನೋಡಲೇಬೇಡಿ, ಗ್ರೀನಿನ ನಟ್ಟನಡುವೆ ಹೊಡೆಯಿರಿ.

ಸಮಾಧಾನಕ್ಕೆ ಒಂದು ಮಾತು. ಈ ಕೋರ್ಸ್‌ನಲ್ಲಿ ನಡೆಯುವ ದೊಡ್ಡ ಟೂರ್ನಿ ಪ್ಲೇಯರ್ಸ್ ಚಾಂಪಿಯನ್‌ಶಿಪ್. 2005ರಲ್ಲಿ ಅದರಲ್ಲಿ ಬಾಬ್ ಟ್ವೇ ಇದೇ ಹೋಲಿನಲ್ಲಿ ನಾಲ್ಕು ಚೆಂಡು ನೀರಿಗೆ ಹಾಕಿದರು. ನಿಮ್ಮಷ್ಟೇ. ಐದನೆಯದು ಗ್ರೀನ್ ಮೇಲೆ ನಿಂತಿತು, ಅಲ್ಲಿಂದ ಮೂರು ಪಟ್ (ಗುಳಿಯ ಕಡೆ ಚೆಂಡು ಉರುಳಿಸುವ ಮೆಲ್ಲನೆಯ ಹೊಡೆತ). ನೀರಿಗೆ ಬಿದ್ದ ಪ್ರತಿ ಚೆಂಡಿಗೂ ದಂಡವಾಗಿ ಒಂದು ಹೊಡೆತ ಸೇರಿ, ಮೂರರಲ್ಲಿ ಮುಗಿಸಬೇಕಾದ ಹೋಲಿಗೆ ಒಟ್ಟು 12. ಅವರು ಗಾಲ್ಫ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದಾದ ಪಿಜಿಎ ಚಾಂಪಿಯನ್‌ಶಿಪ್ ಅನ್ನು 1986ರಲ್ಲಿ ಗೆದ್ದವರು ಕಣ್ರೀ.

ಪ್ರಶ್ನೆ: ಇಂಥ ಹೋಲ್ ಮಾಡಬೇಕು ಅಂತ ಯಾರಿಗೆ ಹೊಳೆಯಿತು? (ಹಾಸನ)

ಯಾರಿಗೂ ಹೊಳೆಯಲಿಲ್ಲ, ಮರಳು ಖಾಲಿಯಾಯಿತು! ಜಾಗ ಮೊದಲು ಜೌಗು ಕಾಡು. ಅಮೆರಿಕದಲ್ಲಿ ವೃತ್ತಿಪರ ಗಾಲ್ಫ್ ಟೂರ್ನಿಗಳನ್ನು ನಡೆಸುವ ಪಿಜಿಎ ಟೂರ್ 415 ಎಕರೆಯನ್ನು ಒಂದೇ ಒಂದು ಡಾಲರ್‌ಗೆ ತಗೊಂಡಿತ್ತು. ಕೋರ್ಸ್ ರೂಪಿಸಿದವರು ಪೀಟ್ ಡೈ. ಈ ಹೋಲಿಗೆ ಮೊದಲು ಪಕ್ಕದಲ್ಲಷ್ಟೇ ನೀರು ಅಂತ ಇತ್ತು. ಆದರೆ ಇಡೀ ಜಾಗದಲ್ಲಿ ಒಳ್ಳೆ ಮರಳು ಸಿಕ್ಕಿದ್ದು ಇಲ್ಲೇ. ಬೇರೆ ಹೋಲುಗಳಿಗೆ ಬೇಕು ಬೇಕು ಅಂತ ತೋಡಿದರು, ತೋಡಿದರು, ಕೊನೆಗೆ ನೋಡಿದರೆ ದೊಡ್ಡ ಹೊಂಡ. ಈಗ ಏನಪ್ಪಾ ಮಾಡೋದು ಅಂತ ಗಂಡ ತಲೆ ಮೇಲೆ ಕೈ ಹೊತ್ತಾಗ, ದ್ವೀಪ ಮಾಡಿಬಿಡಿ ಅಂದವರು ಹೆಂಡತಿ ಆಲಿಸ್ ಡೈ. ಆಕೆಯೂ ಒಳ್ಳೆ ಗಾಲ್ಫರ್. ಕೋರ್ಸ್ ತೆರೆದದ್ದು 1980ರಲ್ಲಿ. 1982ರಲ್ಲಿ ಅಲ್ಲಿ ಮೊದಲ ಟೂರ್ನಿ ಗೆದ್ದ ಜೆರ್ರಿ ಪೇಟ್, ಪೀಟ್ ಡೈ ಮತ್ತು ಟೂರ್‌ನ ಮುಖ್ಯಸ್ಥ ಡೀನ್ ಬೀಮನ್ ಇಬ್ಬರನ್ನೂ ಕೊನೆಯ ಹೋಲಿನ ಪಕ್ಕದ ಕೆರೆಗೆ ನೂಕಿ ತಾನೂ ಹಾರಿದರು. ಗೆದ್ದ ಖುಷಿ ಹೀಗೂ ಇರುತ್ತದೆ ನೋಡಿ.

ಪ್ರಶ್ನೆ: ಪರದೆ ಮೇಲಿನ ಕೋರ್ಸ್ ನಿಜವಾದದ್ದಕ್ಕೆ ಎಷ್ಟು ಹತ್ತಿರ? ಅದರಲ್ಲಿ ಆಡಿದರೆ ಆಟ ಸುಧಾರಿಸುತ್ತಾ? (ಧಾರವಾಡ)

ನೆಲದ ನಕ್ಷೆ ಚೆನ್ನಾಗಿಯೇ ಬರುತ್ತದೆ. ಈಗೀಗ ಮೇಲಿಂದ ಲೇಸರ್ ಬಿಟ್ಟು ಏರು ತಗ್ಗನ್ನೆಲ್ಲ ಅಳೆಯುತ್ತಾರೆ, ಅದರ ಮೇಲೆ ಮರ, ಹುಲ್ಲು, ನೀರು ಕೂರಿಸುತ್ತಾರೆ. ಕಣ್ಣಿಗೆ ಕೊರತೆ ಇಲ್ಲ. ಕೊರತೆ ಇರುವುದು ಕಾಲಿಗೆ.

ಪರದೆಯಲ್ಲಿ ಚೆಂಡು ಇಳಿಜಾರಿನಲ್ಲಿ ನಿಂತಿರುತ್ತದೆ, ನೀವು ಮಾತ್ರ ಸಪಾಟು ಮ್ಯಾಟ್ ಮೇಲೆ ಆರಾಮಾಗಿ ನಿಂತಿರುತ್ತೀರಿ. ಇನ್ನೊಂದು, ಆ ಮ್ಯಾಟ್ ಸುಳ್ಳು ಹೇಳುತ್ತದೆ. ಮೈದಾನದಲ್ಲಿ ಕ್ಲಬ್ ಚೆಂಡಿಗಿಂತ ಒಂದಿಂಚು ಹಿಂದೆ ನೆಲಕ್ಕೆ ಬಿದ್ದರೆ ಹುಲ್ಲಿನ ಹೆಂಟೆ ಎದ್ದು ಚೆಂಡಿಗಿಂತ ಮುಂದೆ ಹಾರುತ್ತದೆ, ಕ್ಯಾಡಿ ಬೇರೆ ಕಡೆ ನೋಡುತ್ತಾನೆ. ಮ್ಯಾಟ್ ಮೇಲೆ ಅದೇ ಹೊಡೆತಕ್ಕೆ ಕ್ಲಬ್ ಸರ್ರನೆ ಜಾರಿ ಚೆಂಡಿಗೆ ತಾಗಿ, ಪರದೆಯಲ್ಲಿ ಸೊಗಸಾಗಿ ಹಾರಿಬಿಡುತ್ತದೆ. ತಪ್ಪಾಗಿದ್ದು ಮೊಣಕೈಗೆ ಮಾತ್ರ ಗೊತ್ತು. ನಾನು ಹೋಗುತ್ತಿದ್ದ ಒಂದು ಕಡೆ ಚೆಂಡು ಇಡುವ ಜಾಗದಲ್ಲಿ ಮ್ಯಾಟ್ ಸವೆದು ಬೆರಳಗಲ ತಗ್ಗಾಗಿತ್ತು. ಮೂರು ತಿಂಗಳು ಆ ತಗ್ಗಿನಲ್ಲೇ ಅಭ್ಯಾಸ ಮಾಡಿದೆ. ಹೊರಗೆ ಬಂದು ಹೊಡೆದರೆ ಚೆಂಡಿನ ನೆತ್ತಿಗೆ ತಾಗಿ ಹಾವಿನ ಹಾಗೆ ನೆಲದ ಮೇಲೇ ಹರಿಯಿತು.

ಪಟ್ ಅಂತೂ ಬಿಡಿ, ಪರದೆ ಕಡೆ ಪಟ್ ಮಾಡುವುದು ಗೋಡೆ ಜೊತೆ ಮಾತಾಡಿದ ಹಾಗೆ. ದುಡ್ಡಿರುವವರಿಗೂ ಇದು ತಲೆನೋವೇ. ಟೈಗರ್ ವುಡ್ಸ್, ರೋರಿ ಮೆಕಿಲ್‌ರಾಯ್ ಸೇರಿ ಶುರು ಮಾಡಿದ ಟಿಜಿಎಲ್ ಅನ್ನುವ ಒಳಾಂಗಣ ಲೀಗ್ 2025ರ ಜನವರಿಯಲ್ಲಿ ಆರಂಭವಾಯಿತು. ಪರದೆ 64 ಅಡಿಗೆ 53 ಅಡಿ. ಟೀಯಲ್ಲಿ (ಮೊದಲ ಹೊಡೆತ ಹೊಡೆಯುವ ಜಾಗ) ನಿಜವಾದ ಹುಲ್ಲು, ಬಂಕರ್‌ನಲ್ಲಿ ನಿಜವಾದ ಮರಳು. ಕೊನೆಯ ಚಿಕ್ಕ ಹೊಡೆತಗಳಿಗೆ ಪರದೆಯನ್ನೇ ಬಿಟ್ಟು ತಿರುಗುವ ಗ್ರೀನ್ ಕಟ್ಟಿದ್ದಾರೆ, ಅದರ ಅಡಿಯಲ್ಲಿ ಸುಮಾರು 600 ಯಂತ್ರಗಳು ನೆಲವನ್ನು ಎತ್ತಿ ಇಳಿಸಿ ಇಳಿಜಾರು ಬದಲಿಸುತ್ತವೆ. ಅಷ್ಟು ಖರ್ಚು ಮಾಡಿಯೂ ಪಟ್‌ಗೆ ನೆಲವೇ ಬೇಕಾಯಿತು ನೋಡಿ.

ಆಟ ಸುಧಾರಿಸುತ್ತಾ ಅಂದಿರಿ. ಯಾವ ಐರನ್ ಗಾಳಿಯಲ್ಲಿ ಎಷ್ಟು ದೂರ ಹಾರುತ್ತದೆ ಅನ್ನುವುದು ಪಕ್ಕಾ ಗೊತ್ತಾಗುತ್ತದೆ. ಅದು ಸಣ್ಣ ಲಾಭ ಏನಲ್ಲ. ಬಾಕಿದ್ದಕ್ಕೆ ಬಿಸಿಲಿಗೆ ಹೋಗಬೇಕು.

ಪ್ರಶ್ನೆ: ನಾನಿರುವುದು ಜಾಕ್ಸನ್‌ವಿಲ್‌ನಲ್ಲಿ, ಸಾಗ್ರಾಸ್ ಇಲ್ಲಿಂದ ಹತ್ತಿರ. ಪರದೆ ಮೇಲೆ ಇಪ್ಪತ್ತು ಸಲ ಆಡಿದ್ದೇನೆ. ನಿಜವಾದದ್ದಕ್ಕೆ ದುಡ್ಡು ಕೊಟ್ಟು ಹೋಗಬೇಕಾ? (ಫ್ಲಾರಿಡಾ)

ಇದೊಂದು ಪ್ರಶ್ನೆನಾ! ಆ ಕೋರ್ಸ್ ದುಡ್ಡು ಕೊಟ್ಟವರಿಗೆಲ್ಲ ತೆರೆದಿದೆ. ನೂರಾರು ಡಾಲರ್ ಆಗುತ್ತದೆ, ನಿಜ. ಹೊಟ್ಟೆ ಉರಿಯುತ್ತದೆ, ಅದೂ ನಿಜ. ಒಂದು ಸಲ ಹೋಗಿ. ಮನೆಯಲ್ಲಿ 17ನೇ ಹೋಲ್ ಬಂದಾಗ ನೀವು ಕಾಫಿ ಕುಡಿಯುತ್ತಾ ಬಟನ್ ಒತ್ತುತ್ತೀರಿ. ಅಲ್ಲಿ ಹಿಂದಿನ 16 ಹೋಲ್ ಆಡುವಾಗಲೂ ತಲೆಯಲ್ಲಿ ಅದೇ ಓಡುತ್ತಿರುತ್ತದೆ. ನಮ್ಮ ಬೆಂಗಳೂರಿನವರು ಅಂತಲೇ ನಾವು ಹೇಳಿಕೊಳ್ಳುವ ಅನಿರ್ಬನ್ ಲಾಹಿರಿ 2022ರ ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನಲ್ಲಿ ಮೂರು ಸುತ್ತು ಮುಗಿದಾಗ ಅಲ್ಲಿ ಎಲ್ಲರಿಗಿಂತ ಮುಂದಿದ್ದರು. ಮಳೆಯಿಂದ ಆಟ ಸೋಮವಾರಕ್ಕೆ ಹೋಯಿತು. ಕೊನೆಗೆ ಕ್ಯಾಮರಾನ್ ಸ್ಮಿತ್‌ಗಿಂತ ಒಂದೇ ಹೊಡೆತ ಹಿಂದೆ, ಎರಡನೇ ಸ್ಥಾನ. ಅದೇ ನೆಲದ ಮೇಲೆ ನಡೆದು ಬನ್ನಿ. ಚೆಂಡು ಮಾತ್ರ ಹಳೇವು ತಗೊಂಡು ಹೋಗಿ.

ಪ್ರಶ್ನೆ: ಸಿಮ್ಯುಲೇಟರ್‌ನಲ್ಲಿ ಒಂದೇ ಹೊಡೆತಕ್ಕೆ ಚೆಂಡು ಹೋಲಿಗೆ ಬಿದ್ದರೆ ಸ್ನೇಹಿತರಿಗೆ ಪಾರ್ಟಿ ಕೊಡಬೇಕಾ? (ಮೈಸೂರು)

ಬಿಲ್ಲಿನ ಫೋಟೋ ತೋರಿಸಿ ಸಾಕು.