ಪ್ರತಿಮೆ ಐಫೆಲ್‌ನದಲ್ಲ, ಬಾರ್ತೋಲ್ಡಿಯದು

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯ ನ್ಯೂಯಾರ್ಕ್ ಪ್ರವಾಸ ಲೇಖನದಲ್ಲಿ ಲಿಬರ್ಟಿ ಪ್ರತಿಮೆಯನ್ನು ಮಾಡಿದವನು ಐಫೆಲ್ ಎಂದಿದೆ. ಶಿಲ್ಪಿ ಬಾರ್ತೋಲ್ಡಿ ಅಲ್ಲವೇ? ಅದೊಂದನ್ನು ಬಿಟ್ಟರೆ ಆತ ಬೇರೇನೂ ಮಾಡಲಿಲ್ಲವೇ?"

ತಪ್ಪು ನಮ್ಮದು. ಅಚ್ಚಿಗೆ ಹೋಗುವ ಮುನ್ನ ನಾನೇ ಓದಿದ ಪುಟ ಅದು. ಕ್ಷಮೆ ಇರಲಿ. ಪ್ರತಿಮೆ ಫ್ರೆಡರಿಕ್ ಆಗಸ್ಟ್ ಬಾರ್ತೋಲ್ಡಿಯದು. ಐಫೆಲ್ ಕಟ್ಟಿದ್ದು ಒಳಗಿನ ಕಬ್ಬಿಣದ ಹಂದರವನ್ನು. ಅದೂ ಮೊದಲು ಆ ಹೊಣೆ ಹೊತ್ತಿದ್ದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ 1879ರಲ್ಲಿ ತೀರಿಕೊಂಡ ಮೇಲೆ.

ಕಣ್ಣಿಗೆ ಕಾಣುವುದೆಲ್ಲ ಬಾರ್ತೋಲ್ಡಿಯ ಕೆಲಸ. ಚಿಕ್ಕ ಮಾದರಿಯನ್ನು ಹಂತಹಂತವಾಗಿ ಹಿಗ್ಗಿಸಿ, ಪೂರ್ಣ ಗಾತ್ರದ ಭಾಗಗಳನ್ನು ಪ್ಲಾಸ್ಟರಿನಲ್ಲಿ ಮಾಡಿ, ಅವುಗಳ ಮೈಗೆ ಕೂರುವಂತೆ ಮರದ ಅಚ್ಚು ಕಟ್ಟಿ, ಆ ಅಚ್ಚಿಗೆ ತಾಮ್ರದ ತಗಡನ್ನು ಬಡಿದು ಬಡಿದು ಒಗ್ಗಿಸಿದರು. ತಗಡಿನ ದಪ್ಪ ಎರಡೂವರೆ ಮಿಲಿಮೀಟರಿಗೂ ಕಡಿಮೆ. ಪ್ರತಿಮೆಯ ಎತ್ತರ 46 ಮೀಟರ್. ತಾಮ್ರದ ಹಂಡೆ ಬಡಿಯುವುದನ್ನು, ಪ್ರಭಾವಳಿಗೆ ತಗಡು ಉಬ್ಬಿಸುವುದನ್ನು ಹತ್ತಿರದಿಂದ ನೋಡಿದವರಿಗೆ ಆ ಪ್ಯಾರಿಸ್ ಕಾರ್ಖಾನೆಯ ಸದ್ದು ಕೇಳಿಸೀತು.

ನಿಮ್ಮ ಎರಡನೆಯ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡಿದ್ದು. ಬಾರ್ತೋಲ್ಡಿ ಹುಟ್ಟಿದ್ದು 1834ರಲ್ಲಿ, ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಕೋಲ್ಮಾರ್ ಊರಿನಲ್ಲಿ. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆ ಹೋದರು. ಬೆಳೆಸಿದ್ದು ತಾಯಿ ಶಾರ್ಲೆಟ್. ಓದು ಪ್ಯಾರಿಸಿನಲ್ಲಿ. ಇಪ್ಪತ್ತೆರಡು ತುಂಬುವ ಹೊತ್ತಿಗೆ ಕೋಲ್ಮಾರಿನಲ್ಲಿ ಆತ ಮಾಡಿದ ಜನರಲ್ ರಾಪ್ ಪ್ರತಿಮೆ ನಿಂತಿತ್ತು. ಈಜಿಪ್ಟಿಗೆ ಹೋಗಿ ಅಲ್ಲಿನ ಬೃಹತ್ ಶಿಲೆಗಳನ್ನು ನೋಡಿ ಬಂದ ಮೇಲೆ ದೊಡ್ಡ ಗಾತ್ರದ ಹಂಬಲ ಹತ್ತಿತು. ಸೂಯೆಜ್ ಕಾಲುವೆಯ ಬಾಯಲ್ಲಿ ದೀಪ ಎತ್ತಿ ಹಿಡಿದ ಹೆಣ್ಣಿನ ರೂಪದ ದೀಪಸ್ತಂಭ ನಿಲ್ಲಿಸುವ ಯೋಜನೆಯನ್ನು 1869ರಲ್ಲಿ ಈಜಿಪ್ಟಿನ ಆಳರಸ ಖೇದಿವನ ಮುಂದಿಟ್ಟ, ಆತ ಒಪ್ಪಲಿಲ್ಲ.

ಮರುವರ್ಷ ಜರ್ಮನ್ ರಾಜ್ಯವಾದ ಪ್ರಶ್ಯದೊಡನೆ ಫ್ರಾನ್ಸಿಗೆ ಯುದ್ಧ. ಬಾರ್ತೋಲ್ಡಿ ನ್ಯಾಷನಲ್ ಗಾರ್ಡ್ ಎಂಬ ನಾಗರಿಕರ ಪಡೆ ಸೇರಿ ತನ್ನೂರಿನ ಕಾವಲಿಗೆ ನಿಂತ. ಊರು ಉಳಿಯಲಿಲ್ಲ, 1871ರಲ್ಲಿ ಅಲ್ಸಾಸ್ ಜರ್ಮನಿಯ ಪಾಲಾಯಿತು. ಆ ಕಾದಾಟದಲ್ಲಿ ಸತ್ತ ಜೊತೆಗಾರರಿಗೆ ಆತ 1872ರಲ್ಲಿ ಕೋಲ್ಮಾರಿನ ಸ್ಮಶಾನದಲ್ಲಿ ಒಂದು ಸಮಾಧಿ ಮಾಡಿದ್ದಾನೆ. ನೆಲಕ್ಕೆ ಹಾಸಿದ ಎರಡು ಕಲ್ಲುಚಪ್ಪಡಿಗಳು ಒಳಗಿನಿಂದ ಯಾರೋ ಎತ್ತಿದಂತೆ ಸರಿದಿವೆ. ಆ ಸಂದಿನಿಂದ ಒಂದು ತೋಳು ಹೊರಬಂದು, ಪಕ್ಕದಲ್ಲಿ ಬಿದ್ದಿರುವ ಕತ್ತಿಗೆ ಚಾಚಿದೆ. ಮುಖವಿಲ್ಲ, ರೆಕ್ಕೆಯ ದೇವತೆಗಳಿಲ್ಲ, ಬಾವುಟವಿಲ್ಲ. ನನ್ನನ್ನು ಕೇಳಿದರೆ ಬಾರ್ತೋಲ್ಡಿಯ ಎಲ್ಲ ಕೃತಿಗಳಲ್ಲಿ ಇದೇ ಶ್ರೇಷ್ಠ. ಜರ್ಮನ್ ಆಳ್ವಿಕೆ ಶುರುವಾದ ಊರಿನಲ್ಲೇ ಹಾಗೆ ಮಾಡಲು ಎದೆಗಾರಿಕೆ ಬೇಕು.

ಬೆಲ್ಫೋರಿನ ಸಿಂಹವೂ ಇದೇ ನೋವಿನ ಕೂಸು. ಅದೇ ಯುದ್ಧದಲ್ಲಿ 103 ದಿನ ಮುತ್ತಿಗೆ ತಾಳಿಕೊಂಡ ಊರಿನ ನೆನಪಿಗೆ, ಕೋಟೆಯ ಕೆಳಗಿನ ಬಂಡೆಗೆ ಒರಗಿಸಿ, ಕೆಂಪು ಮರಳುಗಲ್ಲಿನ ತುಂಡುಗಳನ್ನು ಜೋಡಿಸಿ ಕಟ್ಟಿದ್ದು: 22 ಮೀಟರ್ ಉದ್ದ, 11 ಮೀಟರ್ ಎತ್ತರ. 1880ರಲ್ಲಿ ಮುಗಿಯಿತು. ಅದು ಗೆದ್ದ ಸಿಂಹವಲ್ಲ. ಮೂಲೆಗೆ ಸಿಕ್ಕಿ, ಮುಂಗಾಲೂರಿ ಏಳುತ್ತಿರುವ ಸಿಂಹ.

ಈಗ ಲಿಬರ್ಟಿಯ ಕಡೆ ತಿರುಗಿ. ಬಾರ್ತೋಲ್ಡಿ ಅದಕ್ಕೆ ಜಾಗ ಹುಡುಕಿಕೊಂಡು ಅಮೆರಿಕದ ಹಡಗು ಹತ್ತಿದ್ದು 1871ರಲ್ಲಿ, ಅಲ್ಸಾಸ್ ಕೈಬಿಟ್ಟ ಅದೇ ವರ್ಷ. ಅಮೆರಿಕಕ್ಕೆ ಸ್ವಾತಂತ್ರ್ಯದ ಕಾಣಿಕೆ ಕೊಡಬೇಕೆಂಬ ವಿಚಾರ ಲಾಬುಲೇ ಎಂಬ ಪಂಡಿತನದು, ನಿಜ. ಆದರೆ ಹದಿನೈದು ವರ್ಷ ಅದರ ಹಿಂದೆ ಬಿದ್ದು, ಹಣಕ್ಕಾಗಿ ಅಲೆದು, ಪಂಜು ಹಿಡಿದ ಕೈಯನ್ನು 1876ರಲ್ಲಿ ಫಿಲಡೆಲ್ಫಿಯದಲ್ಲೂ ತಲೆಯನ್ನು 1878ರಲ್ಲಿ ಪ್ಯಾರಿಸಿನಲ್ಲೂ ಪ್ರದರ್ಶನಕ್ಕಿಟ್ಟು, 1886ರ ಅಕ್ಟೋಬರ್ 28ರಂದು ಪರದೆ ಸರಿಸಿದವನು ತನ್ನೂರಿನ ಸ್ವಾತಂತ್ರ್ಯ ಕಳೆದುಕೊಂಡವನು. ಆ ಮುಖದಲ್ಲಿ ನಗು ಏಕಿಲ್ಲ ಎಂದು ಕೇಳುವವರಿಗೆ ನಾನು ಕೋಲ್ಮಾರಿನ ಕಥೆ ಹೇಳುತ್ತೇನೆ. ಬಾರ್ತೋಲ್ಡಿ 1904ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ; ಕೋಲ್ಮಾರ್ ಮತ್ತೆ ಫ್ರಾನ್ಸಿಗೆ ಸೇರಿದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. ಆತ ಹುಟ್ಟಿದ ಮನೆ ಈಗ ಮ್ಯೂಸಿಯಂ.

ಲಿಯೋನಿನ ಕುದುರೆಗಳ ಕಾರಂಜಿ, ಕ್ಲೆರ್ಮೊನ್-ಫೆರಾನಿನ ವರ್ಸಿಂಜೆಟೊರಿಕ್ಸ್ ಪ್ರತಿಮೆ, ಹೀಗೆ ಪಟ್ಟಿ ಉದ್ದವಿದೆ. ಅದರಲ್ಲಿ ಒಂದನ್ನು ಹೇಳದೆ ಇರಲಾರೆ. ಕೋಲ್ಮಾರಿನಲ್ಲಿ ಅಡ್ಮಿರಲ್ ಬ್ರೂವಾ ಸ್ಮಾರಕದ ಬುಡದಲ್ಲಿ ಬಾರ್ತೋಲ್ಡಿ ಖಂಡಗಳ ಸಂಕೇತವಾಗಿ ನಾಲ್ಕು ಆಕೃತಿಗಳನ್ನು ಕೂರಿಸಿದ್ದ. ಅದರಲ್ಲಿ ಆಫ್ರಿಕದ ಮನುಷ್ಯನ ಮುಖದಲ್ಲಿ ಹೇಳಲಾಗದ ದುಃಖ. ಹತ್ತಿರದ ಹಳ್ಳಿಯ ಹುಡುಗನೊಬ್ಬ ಕೋಲ್ಮಾರಿಗೆ ಬಂದಾಗಲೆಲ್ಲ ಆ ಮುಖದ ಮುಂದೆ ನಿಲ್ಲುತ್ತಿದ್ದ. ಕಪ್ಪು ಜನರ ಸಂಕಟದ ಬಗ್ಗೆ ಯೋಚಿಸುವಂತೆ ಮಾಡಿದ್ದು ಅದೇ ಎಂದು ಮುಂದೆ ಬರೆದುಕೊಂಡ. ಆತ ಆಲ್ಬರ್ಟ್ ಶ್ವೈಟ್ಜರ್. 1913ರಲ್ಲಿ ವೈದ್ಯನಾಗಿ ಆಫ್ರಿಕಕ್ಕೆ ಹೋದವರು. 1940ರಲ್ಲಿ ನಾತ್ಸಿಗಳು ಆ ಸ್ಮಾರಕವನ್ನು ಒಡೆದುಹಾಕಿದಾಗ ಶ್ವೈಟ್ಜರ್ ಗಬೋನಿನ ಲಂಬಾರೆನೆಯಲ್ಲಿ, ತಮ್ಮ ಆಸ್ಪತ್ರೆಯಲ್ಲಿ, ರೋಗಿಗಳ ನಡುವೆ ಇದ್ದರು.

— ಸಂಪಾದಕ