ಕೆಂಗೇರಿ ಉಪನಗರದ ಹಳೆಯ ಮನೆಯನ್ನು ಜಂಟಿ ಅಭಿವೃದ್ಧಿಗೆ ಕೊಡಬಹುದೇ?

ಕೆಂಗೇರಿ ಉಪನಗರದಲ್ಲಿ 40×60 ಸೈಟಿನ ಮೇಲಿರುವ ತಂದೆಯ ಕಾಲದ ಮನೆಯನ್ನು ಬಿಲ್ಡರೊಬ್ಬರು ಜಂಟಿ ಅಭಿವೃದ್ಧಿಗೆ, ಅಂದರೆ ಹಳೆಯದನ್ನು ಒಡೆದು ತಮ್ಮ ಖರ್ಚಿನಲ್ಲಿ ಹೊಸ ಮನೆಗಳನ್ನು ಕಟ್ಟಿ ಅರ್ಧಕ್ಕರ್ಧ ಹಂಚಿಕೊಳ್ಳಲು, ಕೇಳುತ್ತಿದ್ದಾರೆ, ಎಪ್ಪತ್ತು ದಾಟಿದ ತಾಯಿ ಅದೇ ಮನೆಯಲ್ಲಿದ್ದಾರೆ, ಒಪ್ಪಿದರೆ ದಿನನಿತ್ಯದ ಬದುಕು ಏನಾಗುತ್ತದೆ ಎಂದು ಕೇಳಿದ್ದೀರಿ. ಇದೇ ಉಪನಗರದಲ್ಲಿ ಇಷ್ಟೇ ಅಳತೆಯ ಸೈಟನ್ನು ನಾವು 2022ರ ಜನವರಿಯಲ್ಲಿ ಹೀಗೆಯೇ ಕೊಟ್ಟೆವು. ನನ್ನ ಉತ್ತರ: ಕೊಡಬಹುದು, ಆದರೆ ಕರಾರಿನಲ್ಲಿ ಬರೆಸದೆ ಬಿಟ್ಟದ್ದು ಯಾವುದೂ ಆಮೇಲೆ ಕೈಗೆ ಬರುವುದಿಲ್ಲ ಎಂಬುದನ್ನು ಅರಿತು ಕೊಡಬೇಕು.

2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಯವರೆಗೆ ಬಂದ ಮೇಲೆ ನಮ್ಮ ಅಡ್ಡರಸ್ತೆಯಲ್ಲಿ ಅಪರಿಚಿತ ಕಾರುಗಳು ತೀರ ನಿಧಾನವಾಗಿ ಓಡಾಡತೊಡಗಿದವು. ಪ್ರತಿ ಹಳೆಯ ಮನೆಯ ಗೇಟಿನ ಮುಂದೆ ಕ್ಷಣ ನಿಂತು, ಗಾಜು ಇಳಿಸಿ ನೋಡಿ, ಮುಂದೆ ಹೋಗುತ್ತಿದ್ದವು. ನಮ್ಮ ಮನೆಗೆ ಬಂದ ಬಿಲ್ಡರ್ ಕಾಫಿ ಕುಡಿದು, ಅಮ್ಮನ ಕಾಲಿಗೆ ನಮಸ್ಕರಿಸಿ, ಹದಿನೆಂಟು ತಿಂಗಳಲ್ಲಿ ಕೀಲಿ ಕೊಡುತ್ತೇವೆ ಎಂದರು. ಸ್ಟಿಲ್ಟ್ (ಕಾರು ನಿಲ್ಲಿಸಲು ಕಂಬಗಳ ಮೇಲೆ ಎತ್ತಿದ ತೆರೆದ ನೆಲಮಹಡಿ) ಮೇಲೆ ಮೂರು ಮಹಡಿ, ಆರು ಮನೆ. ಅಮ್ಮನಿಗೆ, ಅಕ್ಕನಿಗೆ, ನನಗೆ ಒಂದೊಂದು, ಉಳಿದ ಮೂರು ಅವರಿಗೆ. ಕೀಲಿ ಸಿಕ್ಕಿದ್ದು 2024ರ ಫೆಬ್ರುವರಿಯಲ್ಲಿ, ಅಂದರೆ ಇಪ್ಪತ್ತೈದನೆಯ ತಿಂಗಳಿನಲ್ಲಿ. ಅಲ್ಲಿಯವರೆಗೆ ನಾವಿದ್ದ ಮನೆಯ ಬಾಡಿಗೆಯನ್ನು ಬಿಲ್ಡರ್ ಹದಿನೆಂಟು ತಿಂಗಳು ಕೊಡುವುದಾಗಿ ಕರಾರಿನಲ್ಲಿತ್ತೇ ಹೊರತು ಮನೆ ಕೈಗೆ ಬರುವವರೆಗೆ ಕೊಡಬೇಕೆಂದು ಇರಲಿಲ್ಲ. ಹತ್ತೊಂಬತ್ತನೆಯ ತಿಂಗಳಿಂದ ಬಾಡಿಗೆ ನಮ್ಮ ಜೇಬಿನಿಂದಲೇ ಹೋಯಿತು. ಜಗಳವಾಡಲು ನಮ್ಮ ಬಳಿ ಒಂದು ಸಾಲಿನ ಆಧಾರವೂ ಇರಲಿಲ್ಲ.

ರೇರಾಕ್ಕೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ) ದೂರು ಕೊಡಬಹುದಲ್ಲ ಎಂದು ನಿಮಗೂ ಅನ್ನಿಸಬಹುದು. ಅದನ್ನು ರೂಪಿಸಿದ 2016ರ ಕಾಯ್ದೆಯ ಪ್ರಕಾರ, ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ಯೋಜನೆಯ ನೋಂದಣಿಯೇ ಕಡ್ಡಾಯವಲ್ಲ. ನಿಮ್ಮ 2,400 ಚದರ ಅಡಿ ಎಂದರೆ ಸುಮಾರು 223 ಚದರ ಮೀಟರ್ ಮಾತ್ರ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆ ಒಡೆದು ಕಟ್ಟುವ ಕೆಲಸದ ಬಹುಪಾಲು ಇಂಥ ಸೈಟುಗಳಲ್ಲೇ ನಡೆಯುತ್ತಿರುವಾಗ, ನಮ್ಮಂಥವರಿಗೆ ನಾವು ಸಹಿ ಹಾಕುವ ಕರಾರೇ ಕಾಯ್ದೆಯಿದ್ದಂತೆ. ಅದನ್ನು ಬಿಲ್ಡರ್ ಕಡೆಯ ವಕೀಲರು ಬರೆದುಕೊಟ್ಟ ಹಾಗೆಯೇ ಒಪ್ಪಿದ್ದು ನನ್ನ ತಪ್ಪು.

ಮೊದಲು ಸ್ವತ್ತಿನ ದಾಖಲೆಗಳನ್ನು ನೋಡಿಕೊಳ್ಳಿ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹಂಚಿಕೆಯ ಸೈಟಾಗಿದ್ದರೆ ಶುದ್ಧ ಕ್ರಯಪತ್ರ, ಅಂದರೆ ಪೂರ್ಣ ಮಾಲೀಕತ್ವದ ಪತ್ರ, ಆಗಿದೆಯೇ, ಖಾತೆ ಯಾರ ಹೆಸರಿನಲ್ಲಿದೆ ಎಂಬುದು ತಿಳಿದಿರಬೇಕು. ತಂದೆಯವರು ಸ್ವಂತ ಸಂಪಾದನೆಯಿಂದ ಕೊಂಡು, ಉಯಿಲು ಬರೆಯದೆ ತೀರಿಕೊಂಡಿದ್ದರೆ, ಹಿಂದೂ ಉತ್ತರಾಧಿಕಾರದ ಪ್ರಕಾರ ತಾಯಿಗೂ ಮಕ್ಕಳೆಲ್ಲರಿಗೂ ಸಮಪಾಲು. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯೂ ಬೇಕು. ತೆರಿಗೆಯ ವಿಷಯದಲ್ಲಿ ಒಂದು ಅನುಕೂಲವಿದೆ. 2017ರ ತಿದ್ದುಪಡಿಯ ನಂತರ, ನೋಂದಾಯಿತ ಜಂಟಿ ಅಭಿವೃದ್ಧಿ ಕರಾರು ಮಾಡಿಕೊಂಡ ವ್ಯಕ್ತಿಗಳಿಗೆ ಬಂಡವಾಳ ಲಾಭದ ತೆರಿಗೆ ಸಹಿ ಹಾಕಿದ ವರ್ಷದಲ್ಲಲ್ಲ, ಕಟ್ಟಡಕ್ಕೆ ಪೂರ್ಣತಾ ಪತ್ರ ದೊರೆತ ವರ್ಷದಲ್ಲಿ ಬರುತ್ತದೆ. ಅದಕ್ಕೂ ಮುನ್ನ ನಿಮ್ಮ ಪಾಲನ್ನು ಮಾರಿದರೆ ಈ ಅನುಕೂಲ ತಪ್ಪುತ್ತದೆ.

ಕೆಲಸ ಅರ್ಧಕ್ಕೆ ಬಂದಾಗ ಬಿಲ್ಡರ್ ಇನ್ನೊಂದು ಮಹಡಿಯ ಮಾತು ತೆಗೆಯುತ್ತಾರೆ, ಅದಕ್ಕೂ ಸಿದ್ಧರಾಗಿರಿ. "ನಕ್ಷೆಯಲ್ಲಿ ಇಲ್ಲದಿದ್ರೇನು ಸಾರ್, ಈ ರೋಡಲ್ಲಿ ಯಾರು ನಕ್ಷೆ ಪ್ರಕಾರ ಕಟ್ಟಿದ್ದಾರೆ ಹೇಳಿ" ಎಂದು ನಮಗೂ ಹೇಳಿದರು. ಅಕ್ಕ ಹಟ ಹಿಡಿದು ಒಪ್ಪಲಿಲ್ಲ, ನಾನಾಗಿದ್ದರೆ ಬಹುಶಃ ಒಪ್ಪಿಬಿಡುತ್ತಿದ್ದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಒಸಿ (ಕಟ್ಟಡದಲ್ಲಿ ವಾಸಿಸಲು ಕೊಡುವ ಅನುಮತಿ ಪತ್ರ) ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ನಿರ್ದೇಶನ ನೀಡಿದ ಬಳಿಕ, ನಕ್ಷೆ ಮೀರಿ ಕಟ್ಟಿದವರ ಪೇಚಾಟವನ್ನು ನಮ್ಮ ರಸ್ತೆಯಲ್ಲೇ ಕಂಡಿದ್ದೇನೆ.

ಇನ್ನು ನೀರಿನ ಮಾತು. ಹಿಂದೆ ಒಂದು ಸಂಸಾರ ಬಳಸುತ್ತಿದ್ದ ಕೊಳವೆಬಾವಿಯನ್ನು ಈಗ ಆರು ಸಂಸಾರಗಳು ಬಳಸುತ್ತವೆ. ನಾವು ಗೃಹಪ್ರವೇಶ ಮಾಡಿದ ಮರುತಿಂಗಳೇ, 2024ರ ಮಾರ್ಚ್‌ನ ಬರದಲ್ಲಿ, ಅದು ಗಾಳಿ ಉಗುಳಿ ನಿಂತುಹೋಯಿತು. ಬಂಧುಗಳು ಕೊಟ್ಟ ಉಡುಗೊರೆಗಳ ಕಾಗದ ಬಿಚ್ಚುವ ಮುನ್ನವೇ ಟ್ಯಾಂಕರಿಗಾಗಿ ಆರು ಮನೆಯವರೂ ಹಣ ಕೂಡಿಸಿದೆವು. 1,200 ಚದರ ಅಡಿ ಮತ್ತು ಅದಕ್ಕೂ ದೊಡ್ಡ ಸೈಟಿನಲ್ಲಿ ಹೊಸದಾಗಿ ಕಟ್ಟುವವರಿಗೆ ಮಳೆನೀರು ಕೊಯ್ಲು 2009ರಿಂದಲೇ ಕಡ್ಡಾಯ. ನಮ್ಮ ಕಟ್ಟಡದಲ್ಲೂ ಅದಕ್ಕೆಂದು ಪೈಪು ಇಳಿಸಿದ್ದರು. ಆದರೆ ಆ ಪೈಪಿನ ಕೊನೆಯಲ್ಲಿ ನೀರು ನೆಲಕ್ಕೆ ಇಂಗುವ ಗುಂಡಿಯೇ ಇರಲಿಲ್ಲ, ಅದನ್ನು ನಾವೇ ತೋಡಿಸಿದೆವು. ಸಂಪಿನ ಲೀಟರ್ ಎಷ್ಟು, ಇಂಗುಗುಂಡಿಯ ಆಳ ಎಷ್ಟು ಎಂಬುದನ್ನು ಟೈಲ್ಸ್ ಕಂಪನಿಯ ಹೆಸರು ಬರೆಸುವಷ್ಟೇ ಶ್ರದ್ಧೆಯಿಂದ ಬರೆಸಿ.

ದಿನನಿತ್ಯದ ಬದುಕಿನ ಬಗ್ಗೆ ನೀವು ಕೇಳಿದ್ದಕ್ಕೆ ಬರುತ್ತೇನೆ. ಹಳೆಯ ಮನೆಯಲ್ಲಿ ಅಮ್ಮನ ಬೆಳಗು ಗೇಟಿನಿಂದ ಶುರುವಾಗುತ್ತಿತ್ತು. ಐದೂವರೆಗೆ ನೀರು ಹಾಕಿ, ರಂಗೋಲಿ ಬಿಟ್ಟು, ಪಾರಿಜಾತದ ಹೂವನ್ನು ಸೆರಗಿನಲ್ಲಿ ಆಯ್ದು, ಕಾಂಪೌಂಡಿನ ಮೇಲೆ ಲೋಟ ಇಟ್ಟುಕೊಂಡು ಪಕ್ಕದ ಮನೆಯವರೊಡನೆ ಮಾತನಾಡುತ್ತ ಕಾಫಿ ಮುಗಿಸುವ ಹೊತ್ತಿಗೆ ಸೊಪ್ಪಿನ ಗಾಡಿ ಬರುತ್ತಿತ್ತು. ಹೊಸ ಮನೆಯನ್ನು ಆರಿಸುವಾಗ ಗಾಳಿ ಬೆಳಕು ಚೆನ್ನಾಗಿರುತ್ತದೆ ಎಂಬ ಬಿಲ್ಡರ್ ಮಾತು ಕೇಳಿ, ಲಿಫ್ಟ್ ಇದೆಯಲ್ಲ ಎಂದುಕೊಂಡು, ಅಮ್ಮನಿಗೆ ಮೂರನೆಯ ಮಹಡಿಯ ಹಿಂಬದಿಯ ಮನೆಯನ್ನು ತೆಗೆದುಕೊಂಡೆವು. ಗಾಳಿ ಬೆಳಕು ನಿಜಕ್ಕೂ ಚೆನ್ನಾಗಿದೆ. ಮೆಟ್ಟಿಲಿಲ್ಲದ ಬಚ್ಚಲು, ಕೈಹಿಡಿ, ಸೋರದ ಸೂರು, ಇವೆಲ್ಲ ಹಳೆಯ ಮನೆಯಲ್ಲಿ ಇರಲಿಲ್ಲ, ಅದನ್ನು ಮರೆಯಬಾರದು. ಆದರೆ ಆ ಮನೆಗೆ ರಸ್ತೆ ಕಾಣುವುದಿಲ್ಲ, ಗಾಡಿಯವನ ಕೂಗು ಕೇಳಿಸುವುದಿಲ್ಲ. ನೆಲದ ಮೇಲೆ ಈಗ ಇರುವುದು ಆರು ಕಾರು, ಒಂದು ಪಂಪು. ರಂಗೋಲಿ ಬಿಡಲು ಉಳಿದಿರುವ ಜಾಗ ಕಾರು ಹತ್ತುವ ಇಳಿಜಾರು ಮಾತ್ರ. ಎಂಟು ಗಂಟೆಯೊಳಗೆ ಅದರ ಮೇಲೆ ಎರಡು ಚಕ್ರದ ಗುರುತು ಮೂಡಿರುತ್ತದೆ. ಪಾರಿಜಾತವನ್ನು ಉಳಿಸುತ್ತೇವೆ ಎಂದು ಬಾಯಲ್ಲಿ ಹೇಳಿದ್ದರು, ಅದು ನಿಂತಿದ್ದ ಜಾಗದಲ್ಲಿ ಈಗ ವಿದ್ಯುತ್ ಮೀಟರುಗಳ ಪೆಟ್ಟಿಗೆಯಿದೆ.

ಅಕ್ಕನ ಮನೆ ಮೊದಲನೆಯ ಮಹಡಿಯಲ್ಲಿ, ರಸ್ತೆಯ ಕಡೆಗಿದೆ. ಒಂದು ವರ್ಷ ಕಳೆದ ಮೇಲೆ ಇಬ್ಬರೂ ಮನೆ ಬದಲಾಯಿಸಿಕೊಂಡರು. ಅಮ್ಮ ಈಗ ಬಾಲ್ಕನಿಯ ಕಂಬಿಗೆ ನೈಲಾನ್ ಹಗ್ಗ ಕಟ್ಟಿ ಅದರ ತುದಿಗೆ ಬಟ್ಟೆಯ ಚೀಲ ಸಿಕ್ಕಿಸಿದ್ದಾರೆ. ಸೊಪ್ಪಿನವನು ಕೂಗಿದರೆ ಚೀಲ ಇಳಿಯುತ್ತದೆ, ಚಿಲ್ಲರೆಯ ಬಗ್ಗೆ ಮೇಲಿನಿಂದಲೇ ವಾದ ನಡೆಯುತ್ತದೆ, ಪಕ್ಕದ ಮನೆಯವರೂ ತಮ್ಮ ಗೇಟಿನಿಂದ ತಲೆಯೆತ್ತಿ ಅದರಲ್ಲಿ ಸೇರಿಕೊಳ್ಳುತ್ತಾರೆ. ಹಾಗಾಗಿ ಯಾವ ಮನೆ ನಿಮ್ಮ ತಾಯಿಯವರದು ಎಂಬುದನ್ನು ನೀವು ಕರಾರಿನ ನಕ್ಷೆಯಲ್ಲೇ ಗುರುತು ಮಾಡಿಸಿ, ಅದು ಮೊದಲನೆಯ ಮಹಡಿಯಲ್ಲಿ ರಸ್ತೆಯ ಬದಿಗಿರಲಿ, ಬಾಲ್ಕನಿಗೆ ಗಾಜು ಮುಚ್ಚದಂತೆಯೂ ಒಂದು ಸಾಲು ಬರೆಸಿ.