ಓದುಗರ ಪ್ರಶ್ನೆ: ‘ಗ್ರೇಟೆಸ್ಟ್ ಹಿಟ್ಸ್’ ಆಲ್ಬಮ್‌ಗಳು ಇಷ್ಟೊಂದು ಏಕೆ?

ಪ್ರಶ್ನೆ: ಕ್ವೀನ್, ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ತಂಡಗಳ ಹಾಡುಗಳನ್ನು ಈಚೆಗೆ ಕೇಳತೊಡಗಿದ್ದೇನೆ. ಎಲ್ಲಿ ಹುಡುಕಿದರೂ ಮೂಲ ಆಲ್ಬಮ್‌ಗಳಿಗಿಂತ ಮೊದಲು ‘ಗ್ರೇಟೆಸ್ಟ್ ಹಿಟ್ಸ್’, ‘ಬೆಸ್ಟ್ ಆಫ್’ ಎಂಬ ಸಂಕಲನಗಳೇ ಸಿಗುತ್ತವೆ. ಒಂದೇ ತಂಡಕ್ಕೆ ನಾಲ್ಕೈದು ಸಂಕಲನಗಳಿದ್ದರೂ ಹಾಡುಗಳು ಬಹುಪಾಲು ಅವೇ ಆಗಿರುತ್ತವೆ. ಇವನ್ನೆಲ್ಲ ಯಾರಿಗಾಗಿ ಹೊರತರುತ್ತಾರೆ?
– ಓದುಗರೊಬ್ಬರು, ಮೈಸೂರು

ಉತ್ತರ: ಇದರ ಹಿಂದಿರುವ ಮೊದಲ ಕಾರಣ ಹಣದ ಲೆಕ್ಕಾಚಾರ. ಹೊಸ ಆಲ್ಬಮ್ ಮಾಡಬೇಕಾದರೆ ಕಂಪನಿಯು ಸ್ಟುಡಿಯೋ ಬಾಡಿಗೆ, ವಾದ್ಯಗಾರರ ಸಂಭಾವನೆ, ತಂತ್ರಜ್ಞರ ವೇತನ ಎಲ್ಲವನ್ನೂ ಮೊದಲೇ ಹೂಡಬೇಕು; ಹಾಡು ಗೆದ್ದೀತೆಂಬ ಖಾತರಿ ಯಾರಿಗೂ ಇರುವುದಿಲ್ಲ. ಸಂಕಲನಕ್ಕೆ ಬೇಕಾದ ಹಾಡುಗಳಾದರೋ ಕಂಪನಿಯ ಉಗ್ರಾಣದಲ್ಲಿ ಆಗಲೇ ಇರುತ್ತವೆ, ಅವುಗಳ ಖರ್ಚು ಎಂದೋ ತೀರಿರುತ್ತದೆ, ಜನ ಮೆಚ್ಚಿದ್ದಾರೆಂಬುದು ಹಿಂದಿನ ಮಾರಾಟದಿಂದಲೇ ಗೊತ್ತಿರುತ್ತದೆ. ಹೊದಿಕೆಯ ಮುದ್ರಣಕ್ಕೂ ಜಾಹೀರಾತಿಗೂ ಹಣ ತೊಡಗಿಸಿದರೆ ಸಾಕು.

ಈ ಲೆಕ್ಕ ಎಷ್ಟು ಲಾಭದಾಯಕವೆಂಬುದು 1958ರಲ್ಲೇ ತಿಳಿದುಹೋಯಿತು. ಅಮೆರಿಕದ ಗಾಯಕ ಜಾನಿ ಮ್ಯಾಥಿಸ್ ಅವರ ‘ಜಾನೀಸ್ ಗ್ರೇಟೆಸ್ಟ್ ಹಿಟ್ಸ್’ ಆ ವರ್ಷ ಹೊರಬಂದು, ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಮ್ ಪಟ್ಟಿಯಲ್ಲಿ 490 ವಾರ, ಎಂದರೆ ಒಂಬತ್ತು ವರ್ಷಕ್ಕೂ ಮಿಕ್ಕಿ, ಉಳಿಯಿತು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಎಲ್ವಿಸ್ ಪ್ರೀಸ್ಲಿ ಸೇನೆಗೆ ಸೇರಿದರು. ಅವರು 1960ರಲ್ಲಿ ಮರಳುವವರೆಗೆ ಹೆಸರು ಮಾಸದಂತೆ ನೋಡಿಕೊಳ್ಳಲು ಕಂಪನಿಯು ಹಳೆಯ ಹಾಡುಗಳನ್ನೇ ಮತ್ತೆ ಮತ್ತೆ ಜೋಡಿಸಿ ಹೊರತಂದಿತು. 1966ರ ಕ್ರಿಸ್‌ಮಸ್‌ಗೆ ಬೀಟಲ್ಸ್ ತಂಡದ ಹೊಸ ಆಲ್ಬಮ್ ಸಿದ್ಧವಿರದಿದ್ದಾಗ ಇಎಂಐ ಕಂಪನಿ ಇಂಗ್ಲೆಂಡಿನಲ್ಲಿ ಮಾಡಿದ್ದೂ ಇದನ್ನೇ. ಕಲಾವಿದರ ಕೈ ಖಾಲಿಯಿದ್ದ ಹೊತ್ತಿನಲ್ಲಿ ಅಂಗಡಿಯ ಕಪಾಟು ಖಾಲಿಯಿರಬಾರದೆಂಬ ಒತ್ತಾಯದಿಂದಲೇ ಆರಂಭದ ಸಂಕಲನಗಳಲ್ಲಿ ಹಲವು ಹುಟ್ಟಿದವು.

ಆಮೇಲೆ ಬೇರೆ ಕಾರಣಗಳೂ ಸೇರಿಕೊಂಡವು. 1973ರಲ್ಲಿ ಬಂದ ಬೀಟಲ್ಸ್‌ನ ಕೆಂಪು ಮತ್ತು ನೀಲಿ ಹೊದಿಕೆಯ ಜೋಡಿ ಸಂಕಲನಗಳಿಗೆ, ಅನುಮತಿಯಿಲ್ಲದೆ ತಯಾರಾಗಿ ಅಮೆರಿಕದಲ್ಲಿ ರಾಜಾರೋಷವಾಗಿ ಜಾಹೀರಾತಿನೊಂದಿಗೆ ಮಾರಾಟವಾಗುತ್ತಿದ್ದ ಒಂದು ಕಳ್ಳಸಂಕಲನವೇ ಪ್ರೇರಣೆ. ಎಲ್‌ಪಿಯಿಂದ ಕ್ಯಾಸೆಟ್, ಕ್ಯಾಸೆಟ್‌ನಿಂದ ಸಿಡಿ ಎಂದು ಸಾಧನ ಬದಲಾದಾಗಲೆಲ್ಲ ಅವೇ ಹಾಡುಗಳನ್ನು ಹೊಸದಾಗಿ ಮಾರುವ ಅವಕಾಶವೂ ಒದಗಿತು. ನೀವು ಹೆಸರಿಸಿದ ಕ್ವೀನ್ ತಂಡವನ್ನೇ ನೋಡಿ. 1981ರ ‘ಗ್ರೇಟೆಸ್ಟ್ ಹಿಟ್ಸ್’ ಬ್ರಿಟನ್ನಿನಲ್ಲಿ 70 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ ಆ ದೇಶದ ಅತ್ಯಧಿಕ ಮಾರಾಟದ ಆಲ್ಬಮ್ ಎನಿಸಿದೆ. ಎರಡನೆಯ ಸಂಪುಟ 1991ರಲ್ಲಿ ಬಂತು, ಮೂರನೆಯದು 1999ರಲ್ಲಿ. ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟ ‘ಪ್ಲಾಟಿನಮ್ ಕಲೆಕ್ಷನ್’ ಮರುವರ್ಷವೇ ಬಂದಿತು, 2009ರಲ್ಲಿ ‘ಆಬ್ಸಲ್ಯೂಟ್ ಗ್ರೇಟೆಸ್ಟ್’ ಎಂಬ ಇನ್ನೊಂದು. ಮೊದಲ ಎರಡನ್ನು ನಾನು ಒಪ್ಪುತ್ತೇನೆ, ಏಕೆಂದರೆ ಅವುಗಳಲ್ಲಿ ಬೇರೆ ಬೇರೆ ಕಾಲದ ಹಾಡುಗಳಿವೆ. ಈಗಾಗಲೇ ಎರಡೆರಡು ಬಾರಿ ಮಾರಿದ್ದನ್ನು ಹೆಸರು ಬದಲಿಸಿ ಅದೇ ಅಭಿಮಾನಿಗೆ ಮತ್ತೆ ಮಾರುವುದನ್ನು ಒಪ್ಪಲಾರೆ.

ಪ್ರಶ್ನೆ: ಯಾವ ಹಾಡುಗಳು ಸಂಕಲನಕ್ಕೆ ಸೇರಬೇಕೆಂದು ಕಲಾವಿದರೇ ನಿರ್ಧರಿಸುತ್ತಾರೆಯೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಹಲವು ಸಂದರ್ಭಗಳಲ್ಲಿ ಇಲ್ಲ. ಧ್ವನಿಮುದ್ರಣದ ಒಡೆತನ ಯಾರದೋ ನಿರ್ಧಾರವೂ ಅವರದೇ. ರೇಡಿಯೋಹೆಡ್ ತಂಡವು ಇಎಂಐ ಕಂಪನಿಯಿಂದ ಹೊರಬಂದು 2007ರಲ್ಲಿ ತನ್ನ ಆಲ್ಬಮನ್ನು ತಾನೇ ಬಿಡುಗಡೆ ಮಾಡಿತು. ಮರುವರ್ಷ ಆ ಕಂಪನಿಯು ತಂಡದ ಪಾಲ್ಗೊಳ್ಳುವಿಕೆಯಿಲ್ಲದೆಯೇ ‘ದಿ ಬೆಸ್ಟ್ ಆಫ್’ ಹೊರತಂದಿತು. ರೋಲಿಂಗ್ ಸ್ಟೋನ್ಸ್ ತಂಡದ 1960ರ ದಶಕದ ಹಾಡುಗಳ ಹಕ್ಕು ಅವರ ಹಿಂದಿನ ವ್ಯವಸ್ಥಾಪಕ ಅಲೆನ್ ಕ್ಲೈನ್ ಅವರ ಸಂಸ್ಥೆಯ ಪಾಲಾಗಿತ್ತು. ಆದ್ದರಿಂದ ಹಳೆಯ ಕಾಲದ ಹಾಡುಗಳು ಒಂದು ಕಡೆಯಿಂದ, ಹೊಸ ಕಾಲದವು ಇನ್ನೊಂದು ಕಡೆಯಿಂದ ಸಂಕಲನಗಳಾಗಿ ಬರುತ್ತಿದ್ದವು. ಎರಡೂ ಕಾಲದ ಹಾಡುಗಳು ಒಂದೇ ಸಂಕಲನದಲ್ಲಿ ಸೇರಲು 2002ರ ‘ಫಾರ್ಟಿ ಲಿಕ್ಸ್’ವರೆಗೆ ಕಾಯಬೇಕಾಯಿತು. ಪಿಂಕ್ ಫ್ಲಾಯ್ಡ್ ತಂಡದ 1981ರ ಸಂಕಲನದ ಕಥೆ ಇನ್ನೂ ವಿಚಿತ್ರವಾದುದು: ‘ಮನಿ’ ಹಾಡಿನ ಮೂಲ ಧ್ವನಿಮುದ್ರಣವನ್ನು ಅಮೆರಿಕದಲ್ಲಿ ಬಳಸಲು ಹಿಂದಿನ ಕಂಪನಿ ಒಪ್ಪದಿದ್ದುದರಿಂದ, ಆ ಹಾಡನ್ನು ಸ್ಟುಡಿಯೋದಲ್ಲಿ ಹೊಸದಾಗಿ ಮುದ್ರಿಸಬೇಕಾಯಿತು.

ಯಾವ ಹಾಡು ಸೇರುತ್ತದೆ ಎಂಬುದು ಸಂಕಲನ ಹೊರಬಂದ ಹೊತ್ತನ್ನೂ ಅವಲಂಬಿಸಿರುತ್ತದೆ. ಅಮೆರಿಕದ ಈಗಲ್ಸ್ ತಂಡದ ಸಂಕಲನ ಬಂದದ್ದು 1976ರ ಫೆಬ್ರುವರಿಯಲ್ಲಿ. 2018ರ ಪ್ರಮಾಣೀಕರಣದಂತೆ ಅಮೆರಿಕವೊಂದರಲ್ಲೇ ಅದರ ಲೆಕ್ಕ 3 ಕೋಟಿ 80 ಲಕ್ಷ ಪ್ರತಿಗಳಷ್ಟು. ಆ ತಂಡದ ಹೆಸರು ಕೇಳಿದೊಡನೆ ಜನರಿಗೆ ನೆನಪಾಗುವ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಅದರಲ್ಲಿಲ್ಲ. ಆ ಹಾಡಿರುವ ಆಲ್ಬಮ್ ಬಂದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ.

ಪ್ರಶ್ನೆ: ಮೆಚ್ಚಿದ ಹಾಡುಗಳನ್ನು ಒಂದೆಡೆ ಕೊಟ್ಟರೆ ಕೇಳುಗನಿಗೆ ಅನುಕೂಲವೇ ಅಲ್ಲವೆ? ಇದರಿಂದ ನಷ್ಟವೇನು?
– ಓದುಗರೊಬ್ಬರು, ಮಂಗಳೂರು

ಉತ್ತರ: ಅನುಕೂಲವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಷ್ಟ ಎಲ್ಲಿದೆ ಎಂಬುದಕ್ಕೆ ಬಾಬ್ ಮಾರ್ಲಿ ಅವರ ‘ಲೆಜೆಂಡ್’ಗಿಂತ ಸ್ಪಷ್ಟವಾದ ನಿದರ್ಶನ ನನಗೆ ತೋರುವುದಿಲ್ಲ. ಜಮೈಕಾದ ಈ ಗಾಯಕ 1981ರಲ್ಲಿ ತೀರಿಕೊಂಡರು. ಸಂಕಲನ ಬಂದದ್ದು 1984ರಲ್ಲಿ. ರೆಗ್ಗೆ ಸಂಗೀತದ ಪರಿಚಯವೇ ಇಲ್ಲದ, ಮುಖ್ಯವಾಗಿ ಬಿಳಿಯರಾದ ಕೊಳ್ಳುಗರನ್ನು ತಲುಪುವ ಉದ್ದೇಶದಿಂದ ಕಂಪನಿಯು ಹಾಡುಗಳನ್ನು ಆರಿಸಿತು. ‘ಗೆಟ್ ಅಪ್, ಸ್ಟ್ಯಾಂಡ್ ಅಪ್’, ‘ಎಕ್ಸೋಡಸ್’ನಂಥ ಕೆಲವು ಹೋರಾಟದ ಹಾಡುಗಳು ಅದರಲ್ಲಿವೆ ಎಂಬುದು ನಿಜ. ಆದರೆ ಒಟ್ಟು 14 ಹಾಡುಗಳಲ್ಲಿ ಮೇಲುಗೈ ಪ್ರೀತಿ ಮತ್ತು ಸಮಾಧಾನದ ಹಾಡುಗಳದ್ದೇ. ಆಫ್ರಿಕಾದ ಬಿಡುಗಡೆಯನ್ನೇ ವಸ್ತುವಾಗಿಸಿಕೊಂಡ 1979ರ ‘ಸರ್ವೈವಲ್’ ಆಲ್ಬಮ್‌ನಿಂದ ಒಂದು ಹಾಡನ್ನೂ ಆರಿಸಲಿಲ್ಲ. 1980ರ ಏಪ್ರಿಲ್‌ನಲ್ಲಿ ಜಿಂಬಾಬ್ವೆ ಸ್ವತಂತ್ರವಾದಾಗ ಆ ದೇಶಕ್ಕೆ ಹೋಗಿ ಹಾಡಿದ ಮಾರ್ಲಿ, ಆ ದೇಶದ ಹೆಸರಿನಲ್ಲೇ ಕಟ್ಟಿದ ಹಾಡು ‘ಸರ್ವೈವಲ್’ನಲ್ಲಿದೆ, ಜಗತ್ತಿನ ಬಹುತೇಕ ಮನೆಗಳಿಗೆ ಮಾರ್ಲಿಯನ್ನು ಪರಿಚಯಿಸಿದ ಸಂಕಲನದಲ್ಲಿ ಅದಿಲ್ಲ. ಒಬ್ಬ ಕಲಾವಿದನ ಬದುಕಿನ ಕೊನೆಯ ಮಾತನ್ನು ಅವನಿಲ್ಲದಾಗ ಇನ್ಯಾರೋ ತಿದ್ದಿದಂತಾಯಿತು ಎಂಬ ವಿಷಾದ ನನಗಿದೆ.

ಸಂಕಲನಗಳ ಸಂಖ್ಯೆ ಹೆಚ್ಚಿದಷ್ಟೂ ಈ ನಷ್ಟ ಬೆಳೆಯುತ್ತದೆ, ಏಕೆಂದರೆ ಹೊಸ ಸಂಕಲನವನ್ನು ಮಾಡುವವರು ಹಳೆಯ ಸಂಕಲನದಲ್ಲಿ ಗೆದ್ದದ್ದನ್ನೇ ಆರಿಸುತ್ತಾರೆ. ಇಪ್ಪತ್ತು ಹಾಡುಗಳು ಹತ್ತು ಬಾರಿ ಮರುಮುದ್ರಣಗೊಳ್ಳುತ್ತವೆ. ಇನ್ನೂರು ಹಾಡುಗಳು ಒಮ್ಮೆಯೂ ಹೊರಬರದೆ ಉಗ್ರಾಣದಲ್ಲೇ ಉಳಿಯುತ್ತವೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಹಳೆಯ ಕನ್ನಡ ಚಿತ್ರಗೀತೆಗಳ ಕ್ಯಾಸೆಟ್‌ಗಳು ಬಹಳಷ್ಟಿವೆ. ಹೆಸರು ಬೇರೆ ಬೇರೆಯಾದರೂ ಅವೇ ಹಾಡುಗಳು ನಾಲ್ಕಾರು ಕ್ಯಾಸೆಟ್‌ಗಳಲ್ಲಿವೆ. ನಮ್ಮಲ್ಲಿಯೂ ಕಾರಣ ಅದೇ ಏನು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೂಲ ಕಾರಣ ಅದೇ, ಆದರೆ ನಮ್ಮ ಚಿತ್ರಗೀತೆಯ ಸ್ವರೂಪದಿಂದಾಗಿ ಪುನರಾವರ್ತನೆ ಇನ್ನೂ ಹೆಚ್ಚು. ಪಶ್ಚಿಮದಲ್ಲಿ ಬೀಟಲ್ಸ್ ಹಾಡು ಬೀಟಲ್ಸ್ ಸಂಕಲನಕ್ಕೆ ಮಾತ್ರ ಸೇರುವುದು ವಾಡಿಕೆ. ನಮ್ಮ ಹಾಡಿಗೆ ನಾಯಕ, ಗಾಯಕ, ಸಂಗೀತ ನಿರ್ದೇಶಕ, ಗೀತರಚನೆಕಾರ ಎಲ್ಲರೂ ಹಕ್ಕುದಾರರು. 1973ರ ‘ಗಂಧದ ಗುಡಿ’ ಚಿತ್ರದ ‘ನಾವಾಡುವ ನುಡಿಯೇ ಕನ್ನಡ ನುಡಿ’ ಹಾಡನ್ನು ತೆಗೆದುಕೊಳ್ಳಿ. ಅದನ್ನು ಡಾ. ರಾಜ್‌ಕುಮಾರ್ ಹಾಡುಗಳಲ್ಲಿ ಸೇರಿಸಬಹುದು, ಪಿ.ಬಿ. ಶ್ರೀನಿವಾಸ್ ಹಾಡುಗಳಲ್ಲಿ ಸೇರಿಸಬಹುದು, ರಾಜನ್–ನಾಗೇಂದ್ರ ಜೋಡಿಯ ಸಂಕಲನಕ್ಕೂ ಚಿ. ಉದಯಶಂಕರ್ ಅವರ ಗೀತೆಗಳ ಸಂಕಲನಕ್ಕೂ ಅದು ಸಲ್ಲುತ್ತದೆ. ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಸಂಕಲನದಲ್ಲಿಯೂ ಅದಕ್ಕೆ ಜಾಗವಿದೆ. ಹೀಗೆ ಒಂದೇ ಧ್ವನಿಮುದ್ರಣ ಐದು ಹೊದಿಕೆಗಳಲ್ಲಿ ಮನೆಗೆ ಬರುತ್ತದೆ. ಆ ಹಾಡು ಅಷ್ಟು ಬಾರಿ ಬರಲು ಯೋಗ್ಯವಾದುದೇ. ಆದರೆ ಅದೇ ಕಾಲದ, ಅದೇ ಸಂಗೀತ ನಿರ್ದೇಶಕರ, ಅಷ್ಟು ಪ್ರಸಿದ್ಧವಲ್ಲದ ಚಿತ್ರಗಳ ಹಾಡುಗಳಿಗೆ ಒಂದು ಕ್ಯಾಸೆಟ್‌ನಲ್ಲೂ ಜಾಗ ಸಿಗದೆ ಹೋದದ್ದು ಕನ್ನಡದ ಸಂಗೀತಕ್ಕೆ ಆದ ನಷ್ಟ.

ಇದರಲ್ಲಿ ಹಣದ ಹಂಚಿಕೆಯ ಪ್ರಶ್ನೆಯೂ ಇದೆ. ಬಹುಕಾಲ ನಮ್ಮಲ್ಲಿ ಚಿತ್ರದ ನಿರ್ಮಾಪಕರು ಹಾಡುಗಳ ಹಕ್ಕನ್ನು ಒಟ್ಟಾಗಿ ಆಡಿಯೋ ಕಂಪನಿಗೆ ಮಾರುತ್ತಿದ್ದರು. ಬಳಿಕ ಆ ಹಾಡು ಎಷ್ಟು ಸಂಕಲನಗಳಲ್ಲಿ ಬಂದರೂ ಸಾಹಿತ್ಯ ಬರೆದವರಿಗೂ ರಾಗ ಸಂಯೋಜಿಸಿದವರಿಗೂ ಅದರಿಂದ ಏನೂ ಸಿಗದಿರುವುದು ಸಾಮಾನ್ಯವಾಗಿತ್ತು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಂದ ತಿದ್ದುಪಡಿಯು ಇವರಿಬ್ಬರ ಗೌರವಧನದ ಪಾಲನ್ನು ಕಾಯ್ದಿರಿಸಿತು. ಧ್ವನಿಮುದ್ರಣದ ಮೇಲಿನ ಹಕ್ಕು ನಮ್ಮ ದೇಶದಲ್ಲಿ ಪ್ರಕಟಣೆಯ ನಂತರ 60 ವರ್ಷ ಮಾತ್ರ ಇರುತ್ತದೆ. ಸಾಹಿತ್ಯ ಮತ್ತು ಸಂಗೀತ ಸಂಯೋಜನೆಯ ಹಕ್ಕಿನ ಅವಧಿ ಬೇರೆ, ಅದು ಕರ್ತೃವಿನ ಮರಣಾನಂತರವೂ 60 ವರ್ಷ ಮುಂದುವರಿಯುತ್ತದೆ. 1960ರ ದಶಕದ ಮುದ್ರಣಗಳು ಒಂದೊಂದಾಗಿ ಈ ಗಡಿಯನ್ನು ದಾಟುತ್ತಿರುವುದರಿಂದ ಮುಂದಿನ ವರ್ಷಗಳಲ್ಲಿ ಹಳೆಯ ಹಾಡುಗಳ ಸಂಕಲನಗಳು ಹೆಚ್ಚುವ ಸಂಭವವೇ ಹೆಚ್ಚು. ಅವುಗಳನ್ನು ಮಾಡುವವರು ಸಾಹಿತ್ಯ, ಸಂಗೀತ, ಗಾಯನ ಯಾರದೆಂದೂ ಚಿತ್ರ ಯಾವ ವರ್ಷದ್ದೆಂದೂ ತಪ್ಪದೆ ನಮೂದಿಸಬೇಕೆಂದು ಕೇಳುಗರು ಒತ್ತಾಯಿಸಬೇಕು.

ಪ್ರಶ್ನೆ: ಹೊಸದಾಗಿ ಕೇಳುವವರು ಸಂಕಲನದಿಂದ ಆರಂಭಿಸಬಹುದೆ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಖಂಡಿತ ಆರಂಭಿಸಿ. ಕೊಳ್ಳುವ ಮುನ್ನ ಎರಡು ವಿಷಯಗಳನ್ನು ನೋಡಿಕೊಳ್ಳಿ: ಇವು ಮೂಲ ಧ್ವನಿಮುದ್ರಣಗಳೇ ಅಥವಾ ಬೇರೆಯವರು ಹಾಡಿದವೇ ಎಂಬುದು ಒಂದು, ಪ್ರತಿ ಹಾಡು ಯಾವ ಆಲ್ಬಮ್‌ನಿಂದ ಬಂದಿದೆಯೆಂದು ತಿಳಿಸಿದ್ದಾರೆಯೆ ಎಂಬುದು ಇನ್ನೊಂದು. ನಿಮಗೆ ಹಿಡಿಸಿದ ಹಾಡಿನ ಮೂಲ ಆಲ್ಬಮನ್ನು ಬಳಿಕ ಹುಡುಕಿ. 2000ದಲ್ಲಿ ಬಂದ ಬೀಟಲ್ಸ್‌ನ ‘1’ ಎಂಬ ಸಂಕಲನದಲ್ಲಿ ಬ್ರಿಟನ್ ಅಥವಾ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ 27 ಹಾಡುಗಳಿವೆ. ನಿಯಮ ಅಷ್ಟು ಕಟ್ಟುನಿಟ್ಟಾದುದರಿಂದ, ಆ ತಂಡದ ಶ್ರೇಷ್ಠ ಹಾಡುಗಳಲ್ಲೊಂದೆಂದು ನಾನು ನಂಬಿರುವ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಅದರಲ್ಲಿಲ್ಲ. ಅದರಲ್ಲಿರುವ ‘ಎಲಿನಾರ್ ರಿಗ್ಬಿ’ ನಿಮಗೆ ಮೆಚ್ಚುಗೆಯಾದರೆ 1966ರ ‘ರಿವಾಲ್ವರ್’ ಆಲ್ಬಮನ್ನು ಪೂರ್ತಿಯಾಗಿ ಕೇಳಿ. ಅದರ 14 ಹಾಡುಗಳಲ್ಲಿ 12 ಈ ಸಂಕಲನದಲ್ಲಿಲ್ಲ.